ಗಾಳಿಗೆ ಮಗುಚಿದ ಹಾಳೆ

ಆ ಬೆಳಿಗ್ಗೆ ತಕ್ಷಣ ತೀರ್ಮಾನವಾಗಬೇಕಿದ್ದ, ಮುಂದೂಡಿದರೆ ಅನಾಹುತಕ್ಕೆ ಕಾರಣವಾಗಬಹುದಾಗಿದ್ದ ಪ್ರಶ್ನೆಯೆಂದರೆ, ಕೈಯಿರುವ ಕುರ್ಚಿಯನ್ನು ಯಾರಿಗೆ ಕೊಡಬೇಕು ಎಂಬುದು. ಜೈಲಿನ ಶಾಲೆಯಲ್ಲಿ ಇದ್ದದ್ದು ಎರಡೇ ಕುರ್ಚಿ. ಕೈಯಿರುವುದರಲ್ಲಿ ಮೇಷ್ಟ್ರು ಕೂರುತ್ತಿದ್ದರು. ಕೈಯಿಲ್ಲದ್ದನ್ನು ಬಾಗಿಲ ಬಳಿ ಹಾಕಿಕೊಂಡು ವಾರ್ಡರ್ ಕೂರುತ್ತಿದ್ದ. ಇವತ್ತು ಹೊರಗಿನಿಂದ ಒಬ್ಬ ಮೇಡಂ ಬರುವವರಿದ್ದರು. ಅವರಿಗೆ ಕೈಯಿರುವುದನ್ನು ಬಿಟ್ಟುಕೊಟ್ಟರೆ ಮೇಷ್ಟ್ರು ಕೈಯಿಲ್ಲದ್ದರ ಮೇಲೆ ಕೂರಬೇಕು, ವಾರ್ಡರ್ ನಿಲ್ಲಬೇಕು. ನಿಂತ ವಾರ್ಡರ್ ಎಂಥ ಪ್ರಾಣಿ ಎಂಬುದು ಇಡೀ ಜೈಲಿಗೆ ಗೊತ್ತಿತ್ತು. ಸರ್ಕಾರ, ಪ್ರಜೆ, ಸಮಾನತೆ ಎಂದು ಕಾಲೇಜಿನಲ್ಲಿ ಎಷ್ಟೋ ವರ್ಷ ರಾಜ್ಯಶಾಸ್ತ್ರ ಹೇಳಿದ್ದ ಮೇಷ್ಟ್ರು, ಎರಡು ಕುರ್ಚಿಗಳನ್ನು ಮೂರು ಜನರಿಗೆ ಹಂಚಲಾಗದೆ ಕಿಟಕಿಯ ಬಳಿ ನಿಂತಿದ್ದರು. "ಇದರಲ್ಲಿ ಯೋಚನೆ ಮಾಡೋದು ಏನಿದೆ ಮೇಷ್ಟ್ರೇ?" ಎಂದ ವಾರ್ಡರ್, ಕೂತಲ್ಲಿಂದಲೇ. "ನಾನು ಸರ್ಕಾರಿ ನೌಕರ, ನೀವು ಕೈದಿ. ನಿಂತ್ಕೊಳ್ಳೋದು ಯಾರು ಅಂತ ಕೇಳೋಕೆ ಕೋರ್ಟಿಗೆ ಹೋಗ್ಬೇಕಾ?" ಚಾಪೆಯ ಮೇಲೆ ಕೂತಿದ್ದ ವಿದ್ಯಾರ್ಥಿಗಳು ನಕ್ಕರು. ಮೇಷ್ಟ್ರೂ ನಕ್ಕರು. ಇಲ್ಲಿಗೆ ಬಂದ ಮೇಲೆ ಅವರು ಕಲಿತ ವಿದ್ಯೆ ಅದು, ತಮ್ಮ ಮೇಲಿನ ನಗೆಗೆ ಎಲ್ಲರಿಗಿಂತ ಅರೆಕ್ಷಣ ಮೊದಲೇ ನಗುವುದು.

'ಮೇಷ್ಟ್ರು' ಎಂಬ ಹೆಸರೂ ಇಲ್ಲಿಯದೇ. ಕಾಲೇಜಿನಲ್ಲಿ ಯಾರೂ ಅವರನ್ನು ಹಾಗೆ ಕರೆದಿರಲಿಲ್ಲ. ಅಲ್ಲಿ ಅವರು ಸಾರ್, ಪ್ರೊಫೆಸರ್ ಆಗುವುದರಲ್ಲಿದ್ದ ಸಾರ್. ಗೇಟಿನಲ್ಲಿ, ಬಟ್ಟೆ ಬಿಚ್ಚಿಸಿ ಮಚ್ಚೆ ಹುಡುಕುವ ಮೊದಲು, ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದ್ದರು: "ಎಷ್ಟು ಓದಿದ್ದೀಯ?" ಎಂ.ಎ. ಎಂದಾಗ ಬರೆದುಕೊಳ್ಳುತ್ತಿದ್ದವನು ತಲೆಯೆತ್ತಿ, "ಓ, ಹಾಗಾದ್ರೆ ಮೇಷ್ಟ್ರು," ಎಂದುಬಿಟ್ಟ. ಆ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಜೈಲಿನಲ್ಲಿ ಒಬ್ಬನ ಬಾಳು ನಿಂತಿರುತ್ತದೆ ಎಂಬುದು ಅವರಿಗೆ ಆಮೇಲೆ ತಿಳಿಯಿತು. ಓದು ಬರುವವರು ಲಾಂಡ್ರಿಗೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಬೆ, ಕುದಿಯುವ ನೀರು, ಊರಿನ ಆಸ್ಪತ್ರೆಗಳ ಹಾಸಿಗೆ ಬಟ್ಟೆ. ಓದು ಬಾರದವರಿಗೆ ಮಾತ್ರ, ಪರೀಕ್ಷೆ ಪಾಸಾಗುವ ತನಕ, ದಿನಾ ಮಧ್ಯಾಹ್ನದವರೆಗೆ ಶಾಲೆ; ಶಾಲೆಗೆ ಫ್ಯಾನು, ಕಿಟಕಿ, ಕಿಟಕಿಯಾಚೆ ಒಂದು ಮರ. ಹೀಗಾಗಿ ಲೋಕದಲ್ಲಿ ಎಲ್ಲರೂ ತಮಗೆ ಬಾರದ್ದನ್ನು ಬರುತ್ತದೆಂದು ಹೇಳಿಕೊಂಡು ತಿರುಗಿದರೆ, ಇಲ್ಲಿ ಮಾತ್ರ ಜನ ಬರುವುದನ್ನು ಬಾರದೆಂದು ಪ್ರಮಾಣ ಮಾಡುತ್ತಿದ್ದರು. ಒಬ್ಬ ಜೇಬುಗಳ್ಳ ವರ್ಷಗಟ್ಟಲೆ ಚಾಪೆಯ ಮೇಲೆ ಕೂತು ಅ ಆ ತಿದ್ದಿದ್ದ. ಒಂದು ದಿನ ವಾರ್ಡರ್ ಬಿಡಿಸಿ ಹಿಡಿದಿದ್ದ ಪತ್ರಿಕೆಯ ಹಿಂಬದಿಯ ಕ್ರಿಕೆಟ್ ಸುದ್ದಿಯ ಮೇಲೆ ಕಣ್ಣು ಬಿದ್ದು, ತಡೆಯಲಾರದೆ, "ಅಯ್ಯೋ, ಸೋತೇ ಬಿಟ್ರಾ!" ಎಂದು ಹಣೆ ಚಚ್ಚಿಕೊಂಡ. ಅಂದೇ ಮಧ್ಯಾಹ್ನ ಲಾಂಡ್ರಿ ಸೇರಿದ. ಅಂದಿನಿಂದ ಅವನ ಹೆಸರು ಸ್ಕೋರ್.

ಕಲಿಸುವವನಿಗೆ ಇದೆಲ್ಲಕ್ಕಿಂತ ದೊಡ್ಡ ಸವಲತ್ತು. ಶಾಲೆಗೆ ಅಂಟಿಕೊಂಡಂತೆ, ಹಿಂದೆ ಪೊರಕೆ ಬಕೆಟ್ ಇಡುತ್ತಿದ್ದ ಒಂದು ಕೋಣೆಯಿತ್ತು. ಮಂಚ ಹಾಕಿದರೆ ಕಾಲಿಡಲು ಜಾಗ ಸಾಲದು. ಆದರೆ ಅದಕ್ಕೊಂದು ಬಾಗಿಲಿತ್ತು, ಆ ಬಾಗಿಲನ್ನು ಒಳಗಿನಿಂದ ಮುಂದಕ್ಕೆ ತಳ್ಳಿಕೊಳ್ಳಬಹುದಿತ್ತು. ಬ್ಯಾರಕ್ಕಿನಲ್ಲಿ ಕಳೆದ ಮೊದಲ ತಿಂಗಳುಗಳನ್ನು ಮೇಷ್ಟ್ರು ನೆನೆಯುತ್ತಿರಲಿಲ್ಲ. ಅವರ ದೇಹ ನೆನೆಯುತ್ತಿತ್ತು. ಎಲ್ಲರೆದುರು ಕೂರಬೇಕಾದ ಪಾಯಿಖಾನೆ, ಪಕ್ಕದವನ ಉಸಿರು, ಕನ್ನಡಕ ಕಿತ್ತುಕೊಂಡು ಚೆಂಡಿನಂತೆ ಒಬ್ಬರಿಂದೊಬ್ಬರಿಗೆ ಎಸೆಯುತ್ತಿದ್ದವರ ಮಧ್ಯೆ "ಕೊಡಿ, ದಯವಿಟ್ಟು ಕೊಡಿ" ಎಂದು ಕೈಚಾಚಿ ಓಡಾಡಿದ್ದು. ಈಗ ಬರುವ ಮೇಡಂ ಕೈದಿಗಳು ಏನು ಓದಿದ್ದಾರೆ, ಏನು ಕಲಿಯಬೇಕಾಗಿದೆ, ಕಲಿಸುವುದು ನಾಟುತ್ತಿದೆಯೇ ಎಂದು ನೋಡುತ್ತಾರಂತೆ. ನಾಟುತ್ತಿಲ್ಲವೆಂದರೆ ಹೊರಗಿನಿಂದ ಸಂಬಳದ ಟೀಚರ್ ಬರುತ್ತಾರೆ, ಮೇಷ್ಟ್ರು ಬ್ಯಾರಕ್ಕಿಗೆ ಹೋಗುತ್ತಾರೆ. ಸೂಪರಿಂಟೆಂಡೆಂಟ್ ಸಾಹೇಬರು ಇದನ್ನು ಹೇಳುವಾಗ ಬೇಸರಪಟ್ಟುಕೊಂಡಿದ್ದರು. "ಏನಾದ್ರೂ ತೋರಿಸ್ರಿ. ಒಬ್ಬನಾದ್ರೂ ಇದ್ದಾನೇನ್ರೀ, ನಾಲ್ಕು ಜನರ ಮುಂದೆ ನಿಲ್ಲಿಸಬಹುದಾದವನು?" "ಇದ್ದಾನೆ ಸಾರ್," ಎಂದಿದ್ದರು ಮೇಷ್ಟ್ರು. "ಡ್ರೈವರ್ ಇದ್ದಾನೆ."

ಡ್ರೈವರ್ ಈಗ ಚಾಪೆಯ ಅಂಚಿನಲ್ಲಿ, ಬೆನ್ನು ಗೋಡೆಗೊರಗಿಸಿ ಕೂತಿದ್ದ. ಸ್ಟೀರಿಂಗ್ ಹಿಡಿದು ಅಗಲವಾದ ಭುಜ, ಎಡಗೈಗಿಂತ ಹೆಚ್ಚು ಬಿಸಿಲಿಗೆ ಸುಟ್ಟ ಬಲಗೈ. ಲಾರಿಯ ಕಿಟಕಿಯಾಚೆ ಇಟ್ಟ ಕೈ ಅದು. ಮೇಷ್ಟ್ರಿಗಿಂತ ಐದಾರು ವರ್ಷ ದೊಡ್ಡವನು. ಮೇಷ್ಟ್ರು ಅವನನ್ನು 'ನೀನು' ಎನ್ನುತ್ತಿದ್ದರು. ಅವನು 'ಸಾರ್' ಎನ್ನುತ್ತಿದ್ದ, ಇಡೀ ಜೈಲಿನಲ್ಲಿ ಅವನೊಬ್ಬನೇ. ಬಾಡಿಗೆಯ ಜಗಳದಲ್ಲಿ ಲಾರಿ ಮಾಲೀಕನ ತಲೆಗೆ ಜಾಕಿಯ ರಾಡಿನಿಂದ ಹೊಡೆದು ಬಂದಿದ್ದ. ಹೊರಗೆ ಹೋಗುವ ದಿನ ದೂರವಿರಲಿಲ್ಲ. ಆದರೆ ಲೈಸೆನ್ಸನ್ನು ಹೊಸದಾಗಿ ಮಾಡಿಸಬೇಕು, ಅದಕ್ಕೀಗ ಪ್ರಶ್ನೆ ಓದಿ ಉತ್ತರ ಗುರುತಿಸುವ ಪರೀಕ್ಷೆ ಬಂದಿದೆ. "ಗಾಡಿ ಬಿಟ್ರೆ ನಂಗೆ ಇನ್ನೇನು ಬರುತ್ತೆ ಸಾರ್? ಹೆಂಡ್ತಿ ಈಗ್ಲೇ ತಮ್ಮನ ಮನೇಲಿ ಪಾತ್ರೆ ತೊಳೀತಾಳೆ. ನಾನೂ ಹೋಗಿ ಪಕ್ಕದಲ್ಲಿ ಕೂತು ಒರೆಸ್ಲಾ?" ಎಂದು ಮೊದಲ ದಿನವೇ ಹೇಳಿದ್ದ. ಎರಡನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆ ಕಿಟಕಿ ಹಾರಿ ಓಡಿದವನು ಆಮೇಲೆ ಶಾಲೆಯ ಕಡೆ ತಿರುಗಿ ನೋಡಿರಲಿಲ್ಲ. ಊರ ಹೆಸರಿನ ಬೋರ್ಡುಗಳನ್ನು ಬಣ್ಣ, ಆಕಾರ, ಪಕ್ಕದ ಪೆಟ್ರೋಲ್ ಬಂಕು ನೋಡಿ ಗುರುತು ಹಿಡಿಯುತ್ತಿದ್ದನಂತೆ. "ಒಂದ್ಸಲ ಬೋರ್ಡಿಗೆ ಹೊಸ ಬಣ್ಣ ಹೊಡೆದ್ಬಿಟ್ಟಿದ್ರು ಸಾರ್. ರಾತ್ರಿ ಪೂರ್ತಿ ಓಡ್ಸಿ ಬೇರೆ ರಾಜ್ಯಕ್ಕೇ ಹೋಗ್ಬಿಟ್ಟಿದ್ದೆ."

ಅವನು ಕಲಿತದ್ದು ಹೇಗೆಂದು ಮೇಷ್ಟ್ರು ಎಷ್ಟು ಸಲ ಮೆಲುಕು ಹಾಕಿದ್ದರೋ. ತಿಂಗಳುಗಟ್ಟಲೆ ಒಂದು ಸಾಲೂ ಬಾರದೆ, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ, ಅಣೆಕಟ್ಟಿನ ಬಾಗಿಲು ತೆರೆದ ಹಾಗೆ ಓದಿದ್ದ. ಮುದುಕಿ ನದಿ ದಾಟಿದ ಪಾಠ. 'ಮುದುಕಿ ದಡದಲ್ಲಿ ನಿಂತಳು. ನೀರು ತುಂಬಿತ್ತು. ದೋಣಿಯವನು ಕರೆದ. ಅಮ್ಮಾ ಬಾ, ಕೂತುಕೋ.' ಎಲ್ಲೂ ತಡವರಿಸಲಿಲ್ಲ. 'ಕೂತುಕೋ' ಎಂದ ಮೇಲೆ, ಮೇಷ್ಟ್ರು ಓದುವಾಗ ನಿಲ್ಲಿಸುವಂತೆಯೇ ಒಂದು ಕ್ಷಣ ನಿಲ್ಲಿಸಿ ಗಂಟಲು ಸರಿಮಾಡಿಕೊಂಡ. ಮೇಷ್ಟ್ರ ಕಣ್ಣು ತುಂಬಿಬಂದಿತ್ತು. ಕಾಲೇಜಿನಲ್ಲಿ ಅಷ್ಟು ವರ್ಷ, ಕಿಟಕಿಯಾಚೆ ನೋಡುತ್ತ ಆಕಳಿಸುವ ಮುಖಗಳ ಮುಂದೆ ಹಳೆಯ ನೋಟ್ಸು ಓದಿದವರಿಗೆ, ತಾವು ಆಡಿದ ಮಾತು ಇನ್ನೊಬ್ಬನ ಬಾಯಿಂದ ಜೀವಂತವಾಗಿ ಹೊರಬರುವುದು ಎಂದರೇನೆಂದು ಗೊತ್ತಿರಲಿಲ್ಲ. ಅವತ್ತು ಕೋಣೆಗೆ ಹೋಗಿ ಬಾಗಿಲು ತಳ್ಳಿಕೊಂಡು, ತಾವು ಪೂರಾ ಕೆಟ್ಟವರಲ್ಲ ಎಂದುಕೊಂಡಿದ್ದರು. ಪಾಠದ ಮೇಲೆ ಪಾಠವನ್ನು ಡ್ರೈವರ್ ಹಾಗೆಯೇ ನುಂಗಿದ. ಒಮ್ಮೆ ಮಾತ್ರ ಗಾಳಿ ಬಂದಿತ್ತು. ಕಿಟಕಿಯಿಂದ ಜೋರಾಗಿ ಬಂದು ಪುಸ್ತಕದ ಹಾಳೆಗಳನ್ನು ಎತ್ತಿ ಹಾಕಿತ್ತು. ಅದು ಬೇರೆ ವಿಷಯ. ಗಾಳಿ ಎಲ್ಲ ಕಡೆಯೂ ಬರುತ್ತದೆ.

ಮೇಡಂ ಬಂದರು. ನಿರೀಕ್ಷಿಸಿದ್ದಕ್ಕಿಂತ ಚಿಕ್ಕವರು, ಮೇಷ್ಟ್ರ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಭುಜಕ್ಕೊಂದು ಚೀಲ, ಕೈಯಲ್ಲಿ ಬೂಟಿನ ಡಬ್ಬಿಯಂಥ ಡಬ್ಬಿ. ಕುರ್ಚಿಯ ಪ್ರಶ್ನೆಯನ್ನು ಅವರು ಎಷ್ಟು ಸುಲಭವಾಗಿ ಬಗೆಹರಿಸಿದರೆಂದರೆ ಮೇಷ್ಟ್ರಿಗೆ ಅವಮಾನವೇ ಆಯಿತು. "ಬೇಡ ಬೇಡ, ನೀವು ಕೂತ್ಕೊಳ್ಳಿ," ಎಂದವರೇ ಚಾಪೆಯ ಮೇಲೆ, ಕಳ್ಳರ, ಕುಡುಕರ, ಕೊಲೆಗಡುಕರ ನಡುವೆ ಕಾಲು ಮಡಿಸಿ ಕೂತುಬಿಟ್ಟರು. ಕೈಯಿರುವ ಕುರ್ಚಿಯಲ್ಲಿ ಮೇಷ್ಟ್ರು ಎತ್ತರದಲ್ಲಿ ಒಂಟಿಯಾದರು. ಎದ್ದು ಕೆಳಗೆ ಕೂರಬೇಕೇ, ಕೂತೇ ಇರಬೇಕೇ? ಅರ್ಧ ಎದ್ದು, ಮತ್ತೆ ಕೂತರು. ಸೂಪರಿಂಟೆಂಡೆಂಟರು ಬಾಗಿಲಲ್ಲಿ ಇಣುಕಿ, "ನಮ್ಮ ಮೇಷ್ಟ್ರು ಚಿನ್ನದಂಥವರು ಮೇಡಂ, ಆ ಡ್ರೈವರ್ ಓದೋದು ಕೇಳಿ," ಎಂದು ಹೇಳಿ ಹೋದರು.

ಡ್ರೈವರ್ ಎದುರು ಬಂದು ಕೂತ. ಮೇಡಂ ಅವನನ್ನು "ನೀವು" ಎಂದರು. "ನೀವು ಎಷ್ಟು ದಿನದಿಂದ ಕಲೀತಿದ್ದೀರಿ?" ಅವನು ಹಿಂದೆ ತಿರುಗಿ, ಆ 'ನೀವು' ಯಾರೆಂದು ನೋಡಿದ. ಎಲ್ಲರೂ ನಕ್ಕರು. ಮೇಷ್ಟ್ರ ಕೈಯಲ್ಲಿ ಪಾಠಪುಸ್ತಕ ಮುದುಕಿಯ ಪುಟಕ್ಕೆ ತೆರೆದು ಸಿದ್ಧವಾಗಿತ್ತು. ಆದರೆ ಮೇಡಂ ಡಬ್ಬಿಯಿಂದ ಒಂದು ಕಾರ್ಡು ತೆಗೆದು ಅವನ ಕೈಗಿತ್ತರು. ದಪ್ಪ ಅಕ್ಷರದಲ್ಲಿ ಒಂದೇ ಸಾಲು: ಅಂಗಡಿ ಬಾಗಿಲು ಹಾಕಿದೆ, ನಾಳೆ ಬನ್ನಿ. "ಇದನ್ನ ಓದ್ತೀರಾ?"

ಡ್ರೈವರ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದ. ಕಾರ್ಡು ನೋಡಿದ. ಮೇಷ್ಟ್ರ ಮುಖ ನೋಡಿದ. ಹಾಗೆ ನೋಡುವುದನ್ನು ಮೇಷ್ಟ್ರು ದಿನಾ ಕಂಡಿದ್ದರು, ಅದು ಗೌರವ ಎಂದುಕೊಂಡಿದ್ದರು. ಅವನು ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾಗಿ, ಗಂಭೀರವಾಗಿ ಓದತೊಡಗಿದ. "ಮುದುಕಿ ದಡದಲ್ಲಿ ನಿಂತಳು. ನೀರು ತುಂಬಿತ್ತು. ದೋಣಿಯವನು ಕರೆದ..."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮುದುಕಿ ನದಿ ದಾಟಿ ಆಚೆ ದಡದಲ್ಲಿ ಮಗಳನ್ನು ತಬ್ಬಿಕೊಳ್ಳುವವರೆಗೂ ಅವನು ನಿಲ್ಲಿಸಲಿಲ್ಲ. ನಿಲ್ಲಿಸುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಮೇಷ್ಟ್ರಿಗೆ ಕೋರ್ಟು ನೆನಪಾಯಿತು. ಅಲ್ಲಿ ಹೆಂಡತಿ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು, ಹೀಗೆಯೇ, ಕಾರ್ಡು ಹಿಡಿದಂತೆ. ಹಿಂದಿನ ದಿನ ಅವಳ ಅಣ್ಣ ಮನೆಗೆ ಬಂದು, "ಏನಿಲ್ಲ ಭಾವ, ಕಾರಲ್ಲಿ ನಿದ್ದೆ ಹೋಗಿದ್ದೆ, ಏನೂ ನೋಡ್ಲಿಲ್ಲ ಅಂದ್ರೆ ಸಾಕು. ಹೇಳ್ತಾಳೆ. ನಮ್ಮವಳಲ್ವಾ?" ಎಂದಿದ್ದ. ಅವಳು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದಳು. ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಮರುದಿನ ವಕೀಲ ಕೇಳಿದಾಗ, ತರಕಾರಿಯವನ ಹತ್ತಿರ ಮಾತಾಡುವ ಸಾಮಾನ್ಯ ಧ್ವನಿಯಲ್ಲಿ ಹೇಳಿಬಿಟ್ಟಳು: "ನೋಡಿದ್ರು. ನಮ್ಮ ಕಾರು ತಾಗಿ ಸೈಕಲ್ಲಿನವಳು ಬಿದ್ದಿದ್ದನ್ನ ಕನ್ನಡೀಲಿ ನೋಡಿದ್ರು. ನಾನು ನಿಲ್ಸಿ ಅಂದೆ. ನಿಲ್ಲಿಸ್ಲಿಲ್ಲ." ಆ ಕನ್ನಡಿಯಲ್ಲಿ ಏನಿತ್ತೆಂದು ಮೇಷ್ಟ್ರಿಗೆ ಈಗಲೂ ನೆನಪಾಗುವುದಿಲ್ಲ. ತಿರುಗುತ್ತಿದ್ದ ಒಂದು ಚಕ್ರ ಮಾತ್ರ. ಅದು ನೋಡಿದ್ದೇ? ಕಣ್ಣಿಗೆ ಬಿದ್ದದ್ದೆಲ್ಲ ನೋಡಿದ ಹಾಗಾಯಿತೇ? ಇಷ್ಟು ವರ್ಷ ಒಂದೇ ಸೂರಿನಡಿ ಇದ್ದವಳಿಗೆ, ಗಂಡ ಏನು ನೋಡಿದ ಏನು ನೋಡಲಿಲ್ಲ ಎನ್ನುವುದನ್ನು ಅವನಿಗೇ ಬಿಡುವಷ್ಟು ದಾಕ್ಷಿಣ್ಯ ಇರಬಾರದೇ? ಮೋಸ ಎಂದರೆ ಸುಳ್ಳು ಹೇಳುವುದು ಎಂದು ತಿಳಿದವರು ಮೂರ್ಖರು ಎಂದು ಅವರಿಗೆ ಅಂದು ಅನಿಸಿತ್ತು.

"ಬಹಳ ಚೆನ್ನಾಗಿ ಹೇಳಿದ್ರಿ," ಎಂದರು ಮೇಡಂ ಮೆಲ್ಲಗೆ. 'ಓದಿದ್ರಿ' ಎನ್ನಲಿಲ್ಲ. "ಈ ಕಾರ್ಡಲ್ಲಿ ಅದೇ ಇದೆಯಾ?"

ಡ್ರೈವರ್ ತಲೆ ತಗ್ಗಿಸಿದ. "ಇಲ್ವೇನೋ ಮೇಡಂ."

"ಅಕ್ಷರ ನೋಡಿದ್ರೆ ನಿಮಗೆ ಹೇಗೆ ಕಾಣ್ಸುತ್ತೆ?"

"ನಿಲ್ಲಲ್ಲ ಮೇಡಂ." ಅವನು ಸ್ವಲ್ಪ ಯೋಚಿಸಿದ. "ಗಾಡಿ ಜೋರಾಗಿ ಹೋಗ್ತಿರುವಾಗ ರಸ್ತೆ ಪಕ್ಕದ ಮರ ಓಡ್ತವಲ್ಲ, ಹಂಗೆ. ಒಂದೊಂದೇ ಆದ್ರೆ ಗುರುತು ಸಿಗುತ್ತೆ. ಸಾಲಾಗಿ ನಿಂತ್ರೆ ಮುಗೀತು. ಹಿಂದಿಂದು ಮುಂದೆ, ಮುಂದಿಂದು ಹಿಂದೆ, ಓವರ್‌ಟೇಕ್ ಮಾಡ್ತವೆ."

"ಇದನ್ನ ಮೇಷ್ಟ್ರಿಗೆ ಹೇಳಿದ್ರಾ?"

"ಹೇಳಿದ್ದೆ. ಮೊದಲ್ನೇ ವಾರವೇ."

ಹೇಳಿದ್ದ. ಮೇಷ್ಟ್ರು ಆಗ ಸೀಮೆಸುಣ್ಣ ಕೈಯಲ್ಲಿ ಹಿಡಿದೇ, "ಅಕ್ಷರ ಎಲ್ಲೂ ಓಡಲ್ಲ ಕಣಯ್ಯಾ, ಓಡ್ತಿರೋದು ನಿನ್ನ ತಲೆ. ಅದಕ್ಕೊಂದು ಬ್ರೇಕ್ ಹಾಕ್ಸು," ಎಂದಿದ್ದರು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಅಲ್ಲಿ ಅವರು ಮಾಡಿದ ಮೊದಲ ಯಶಸ್ವೀ ಹಾಸ್ಯ ಅದು. ಅಂದಿನಿಂದ ಅವರ ಕನ್ನಡಕದ ತಂಟೆಗೆ ಯಾರೂ ಬರಲಿಲ್ಲ.

"ಆಮೇಲೆ ಸಾರ್ ದಿನಾ ಓದಿ ತೋರಿಸೋರು," ಡ್ರೈವರ್ ಈಗ ಹಗುರಾದವನಂತೆ ಹೇಳುತ್ತಿದ್ದ. "ಕಿವಿಗೆ ಬಿದ್ದಿದ್ದು ನನ್ನಲ್ಲಿ ಉಳ್ಕೊಂಡ್ಬಿಡುತ್ತೆ ಮೇಡಂ, ಹಾಡಿನ ಹಂಗೆ. ಒಂದಿನ ಸುಮ್ನೆ ಹೇಳ್ದೆ. ಸಾರ್ ಮುಖ ನೀವು ನೋಡ್ಬೇಕಿತ್ತು! ಹೆರಿಗೆ ವಾರ್ಡಿನ ಹೊರಗೆ ಮಗು ಕೈಗೆ ಕೊಟ್ಟಂಗೆ. ಅದಾದ್ಮೇಲೆ ಇಲ್ಲ, ನಂಗೆ ಓದಕ್ಕೆ ಬರಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಕರುಣೆ. ಲಾರಿ ಓಡಿಸುವವನೊಬ್ಬ ವರ್ಷವಿಡೀ ತಮ್ಮ ಮೇಲೆ ಕರುಣೆ ತೋರಿಸಿದ್ದಾನೆ.  ಹೆಂಡತಿ ನಿಜ ಹೇಳಿ ಮಾಡಿದ್ದನ್ನು ಇವನು ಸುಳ್ಳು ಹೇಳಿ ಮಾಡಿದ. ಇದೇ ಡ್ರೈವರ್ ಒಮ್ಮೆ ಅವರ ಕೇಸಿನ ಕಥೆ ಕೇಳಿ, ಯಾವ ಉದ್ದೇಶವೂ ಇಲ್ಲದೆ, "ನಂಗೆ ಇಷ್ಟು ವರ್ಷದಲ್ಲಿ ಒಂದು ನಾಯೀನೂ ಸಿಕ್ಕಿಲ್ಲ ಸಾರ್ ಚಕ್ರಕ್ಕೆ," ಎಂದಿದ್ದ. ಅದನ್ನೂ ಅವರು ಕ್ಷಮಿಸಿದ್ದರು, ಅವನು ಓದುತ್ತಾನಲ್ಲ ಎಂದು.

ಅಷ್ಟರಲ್ಲಿ ಮೇಡಂ ಡಬ್ಬಿಯಿಂದ ಇನ್ನೊಂದು ಕಾರ್ಡು ತೆಗೆದಿದ್ದರು. ಅದರಲ್ಲಿ ಅಕ್ಷರಗಳೇ ಇರಲಿಲ್ಲ. ನಡುವೆ ಒಂದು ಅಕ್ಷರದಷ್ಟು ಅಗಲದ ಕಿಂಡಿ ಕೊರೆದಿತ್ತು. ಅದನ್ನು ಮೊದಲ ಕಾರ್ಡಿನ ಮೇಲೆ ಇಟ್ಟು, ಒಂದೊಂದೇ ಅಕ್ಷರ ಕಾಣುವಂತೆ ಮೆಲ್ಲಗೆ ಸರಿಸಿದರು. "ಅವಸರ ಇಲ್ಲ. ಕಂಡಷ್ಟು ಹೇಳಿ." ಡ್ರೈವರ್ ಬಗ್ಗಿದ. "ಅಂ," ಎಂದ. ಕಿಂಡಿ ಸರಿಯಿತು. "ಗ." ಮತ್ತೆ ಸರಿಯಿತು. "ಡಿ." ಸುಮ್ಮನಾದ. ತುಟಿ ಅಲುಗುತ್ತಿತ್ತು.  ಬಾಗಿಲ ಬಳಿ ವಾರ್ಡರ್ ಕೂಡ ಪತ್ರಿಕೆ ಮಡಿಸಿದ್ದ. "ಅಂಗಡಿ," ಎಂದ ಡ್ರೈವರ್. ಆಮೇಲೆ ದೊಡ್ಡದಾಗಿ, "ಅಂಗಡಿ! ಲೇ, ಅಂಗಡಿ ಅಂತಿದೆ ಕಣ್ರೋ!" ಸಾಲು ಮುಗಿಯುವಷ್ಟರಲ್ಲಿ ಅವನ ಹಣೆಯಲ್ಲಿ ಬೆವರು ಹನಿದಿತ್ತು. "ಬಾಗಿಲು ಹಾಕಿದ್ರೆ ಮತ್ಯಾಕೆ ಕರೀತಾನೆ ಅವ್ನು?" ಎಂದು ಕೇಳಿ, ತಾನೇ ನಕ್ಕ. ಅದು ಮುದುಕಿಯ ಪಾಠ ಒಪ್ಪಿಸುವ ಧ್ವನಿಯಲ್ಲ. ಒಡೆದ, ಒರಟಾದ, ಅವನದೇ ಧ್ವನಿ. ಮೇಷ್ಟ್ರು ಆ ಧ್ವನಿಯನ್ನು ಅದೇ ಮೊದಲ ಸಲ ಕೇಳಿದರು.

ಮೇಡಂ ಮೇಷ್ಟ್ರನ್ನು ವರಾಂಡಕ್ಕೆ ಕರೆದರು. ಕಿಟಕಿಯ ಪಕ್ಕ, ಕಂಬಕ್ಕೆ ಒರಗಿ ನಿಂತು, ಬೈಯುವ ಬದಲು ಬಹಳ ಮರ್ಯಾದೆಯಿಂದ ಮಾತಾಡಿದರು. ಅದೇ ಮೇಷ್ಟ್ರಿಗೆ ಸಹಿಸಲಾಗಲಿಲ್ಲ. ಈ ತೊಂದರೆ ದಡ್ಡತನವಲ್ಲ, ಬುದ್ಧಿವಂತರಲ್ಲೂ ಇರುತ್ತದೆ, ಶಾಲೆ ಬಿಟ್ಟು ಇಲ್ಲಿಗೆ ಬಂದು ಸೇರುವವರಲ್ಲಿ ಇಂಥವರು ಎಷ್ಟೋ ಜನ. ವಾರಕ್ಕೊಮ್ಮೆ ತಾನೇ ಬಂದು ಕಲಿಸುವ ಬೇರೆ ತರಗತಿ ಇದೆ, ಅವನನ್ನು ಅದಕ್ಕೆ ಸೇರಿಸಿಕೊಂಡರೆ ಬಿಡುಗಡೆಯ ಹೊತ್ತಿಗೆ ಲೈಸೆನ್ಸಿನ ಪರೀಕ್ಷೆಗೆ ಕೂರುವಷ್ಟು ಓದಿಯಾನು. "ಆದ್ರೆ ಒಂದು ಮಾತು," ಎಂದು ಧ್ವನಿ ತಗ್ಗಿಸಿದರು. "ನಾನು ಹೊಸಬಳು. ಹೋದ ತಿಂಗಳು ಇನ್ನೊಂದು ಕಡೆ ಒಬ್ಬ ಹೀಗೇ ಅಕ್ಷರ ಕುಣಿಯುತ್ತೆ ಅಂತ ಅತ್ತ. ನಾನೂ ಅತ್ತೆ. ಆಮೇಲೆ ನೋಡಿದ್ರೆ ಅವ್ನು ಪದವೀಧರ. ಆಫೀಸಲ್ಲಿ ಎಲ್ಲರೂ ನಕ್ಕರು. ಇಲ್ಲೂ ಹಾಗೆ ಮಾಡೋರು ಇದ್ದಾರಂತೆ. ನೀವು ದಿನಾ ಅವರ ಜೊತೆ ಇರೋರು. ಈ ಡ್ರೈವರ್ ಅವರಿಗೆ ನಿಜವಾಗ್ಲೂ ಓದೋಕೆ ಬರಲ್ವಾ? ನೀವು ಹೇಳಿದ ಹಾಗೆ ಬರೀತೀನಿ."

ಬರಲ್ಲ ಎಂದರೆ ವರ್ಷವಿಡೀ ಏನು ಕಲಿಸಿದಿರಿ ಎಂಬ ಪ್ರಶ್ನೆ. ಸೂಪರಿಂಟೆಂಡೆಂಟರ ಬೇಸರದ ಮುಖ. ಬ್ಯಾರಕ್ಕು. ಮೇಷ್ಟ್ರು ಕಿಟಕಿಯೊಳಗೆ ನೋಡಿದರು. ಚಾಪೆಯ ಮೇಲೆ ಡ್ರೈವರ್ ಕಿಂಡಿಯ ಕಾರ್ಡನ್ನು ವಾರ್ಡರನ ಪತ್ರಿಕೆಯ ಮೇಲೆ ಇಟ್ಟು ಸರಿಸುತ್ತಿದ್ದ, ಸುತ್ತ ಉಳಿದವರು ಬಗ್ಗಿದ್ದರು. ಆಗ ಗಾಳಿ ನೆನಪಾಯಿತು. ಬೇಡವೆಂದರೂ ಆಯಿತು. ಅಂದು ಡ್ರೈವರ್ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಇವರ ಮುಖ ನೋಡುತ್ತ ಓದುತ್ತಿದ್ದ. ಗಾಳಿಗೆ ಹಾಳೆ ಮಗುಚಿ, ಕೈ ತೊಳೆಯುವ ಪಾಠ ತೆರೆದುಕೊಂಡಿತು. ಅವನು ನಲ್ಲಿಯ ಚಿತ್ರದ ಮೇಲೆ ಬೆರಳಾಡಿಸುತ್ತ ಮುದುಕಿಯನ್ನು ದೋಣಿ ಹತ್ತಿಸುತ್ತಲೇ ಇದ್ದ. ಮೇಷ್ಟ್ರು ಕೈಚಾಚಿ, ಸದ್ದಾಗದಂತೆ, ಹಾಳೆಯನ್ನು ಹಿಂದಕ್ಕೆ ತಿರುಗಿಸಿ ಇಟ್ಟಿದ್ದರು. ಆಮೇಲೆ "ಭೇಷ್" ಎಂದಿದ್ದರು. ಇಲ್ಲ, ಮೋಸ ಹೋದವನು ನಾನು. ನನ್ನ ಮುಖದ ಎದುರು, ನನ್ನದೇ ಧ್ವನಿ ಕದ್ದು, ನನ್ನದೇ ಕೆಮ್ಮು ಕೆಮ್ಮಿ.

"ಅವನಿಗೆ ಓದೋಕೆ ಬರುತ್ತೆ ಮೇಡಂ," ಎಂದರು ಮೇಷ್ಟ್ರು.

"ಮತ್ತೆ ಆ ಕಾರ್ಡು?" ಎಂದರು ಮೇಡಂ.

"ನಾಟಕ. ಪಾಸಾದ್ರೆ ಲಾಂಡ್ರಿಗೆ ಹಾಕ್ತಾರೆ, ಫೇಲಾದ್ರೆ ಫ್ಯಾನಿನ ಕೆಳಗೆ ಇರಬಹುದು. ಅದಕ್ಕೇ ಕಾರ್ಡು ನೋಡಿ ಬೇರೆ ಏನೋ ಹೇಳಿದ. ನೀವೇ ನೋಡಿದ್ರಲ್ಲ, ಆಮೇಲೆ ಎಷ್ಟು ಬೇಗ ಓದ್ಬಿಟ್ಟ! ಅಕ್ಷರ ಬಾರದವನು ಒಂದು ರಟ್ಟಿನ ತುಂಡು ಕೊಟ್ಟ ತಕ್ಷಣ ಓದ್ತಾನಾ?" ಧ್ವನಿ ಎಷ್ಟು ಸಮಾಧಾನವಾಗಿತ್ತೆಂದರೆ ಅವರಿಗೇ ಆಶ್ಚರ್ಯವಾಯಿತು. ಕಾಲೇಜಿನ ಧ್ವನಿ ಮರಳಿ ಬಂದಿತ್ತು. "ಬೇಕಾದ್ರೆ ಪರೀಕ್ಷೆ ಮಾಡಿ. ಈ ಪುಸ್ತಕದಲ್ಲಿ ನೀವೇ ಯಾವ ಪುಟ ಬೇಕಾದ್ರೂ ತೆಗೀರಿ."

ಒಳಗೆ ಬಂದರು. ಮೇಡಂ ಪುಸ್ತಕವನ್ನು ಎಲ್ಲೆಲ್ಲೋ ತಿರುವಿ, ನಡುವೆ ಒಂದು ಪುಟ ತೆರೆದು ಡ್ರೈವರ್ ಮುಂದಿಟ್ಟರು. ಅವನು ಚಿತ್ರ ನೋಡಿದ, ಕುಂಬಾರನ ಚಕ್ರ. ಆಮೇಲೆ ಮೇಷ್ಟ್ರ ಮುಖ ನೋಡಿದ. ಅವನ ಕಣ್ಣಲ್ಲಿ ಪ್ರಶ್ನೆಯಿತ್ತು: ಇನ್ನೂ ಬೇಕಾ ಸಾರ್? ಎಲ್ಲ ಹೇಳಿ ಆಯ್ತಲ್ಲ? ಮೇಷ್ಟ್ರು ತಲೆ ಆಡಿಸಿದರು. ಓದು, ಎಂಬಂತೆ. ಪ್ರೀತಿಯಿಂದ ಎನ್ನಬಹುದಾದ ಹಾಗೆ. ಅಷ್ಟು ಸಾಕಾಯಿತು. ಸಾರ್ ಮರ್ಯಾದೆ ತನ್ನಿಂದ ಹೋಯಿತೆಂದು ಆಗಿನಿಂದ ಒಳಗೊಳಗೇ ಕುಗ್ಗಿದ್ದವನು ಬೆನ್ನು ನೆಟ್ಟಗೆ ಮಾಡಿದ, ಗಂಟಲು ಸರಿಮಾಡಿಕೊಂಡ, ಕುಂಬಾರನ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಒಂದು ಅಲ್ಪವಿರಾಮವನ್ನೂ ಬಿಡದೆ ಒಪ್ಪಿಸಿದ. ಮೇಡಂ ಇನ್ನೊಂದು ಪುಟ ತೆಗೆದರು. ಅದನ್ನೂ. ಕೈ ತೊಳೆಯುವ ಪಾಠ. ಅದನ್ನೂ. ಒಂದೊಂದು ಪುಟಕ್ಕೂ ಮೇಡಂ ಮುಖ ಬಿಗಿಯುತ್ತ ಹೋಯಿತು, ಒಂದೊಂದು ಪುಟಕ್ಕೂ ಡ್ರೈವರ್ ಮುಖ ಅರಳುತ್ತ ಹೋಯಿತು.

"ಬಾಯಿಪಾಠ ಇರಬಹುದಾ?" ಎಂದು ಮೇಡಂ ಕೊನೆಯ ಸಲವೆಂಬಂತೆ ಮೇಷ್ಟ್ರ ಕಿವಿಯಲ್ಲಿ ಕೇಳಿದರು.

"ಇಡೀ ಪುಸ್ತಕಾನಾ ಮೇಡಂ?" ಮೇಷ್ಟ್ರು ಮುಗುಳ್ನಕ್ಕರು. "ನಮ್ಮಿಂದ ಆಗುತ್ತಾ?"

ನಮ್ಮಿಂದ ಎಂದಾಗ ಮೇಡಂ ಕೂಡ ಸಣ್ಣಗೆ ನಕ್ಕರು, ಓದಿದವರು ಓದಿದವರ ಜೊತೆ ನಗುವಂತೆ. ಕಿಂಡಿಯ ಕಾರ್ಡನ್ನು ಡ್ರೈವರ್ ಕೈಯಿಂದ ತೆಗೆದುಕೊಂಡು ಡಬ್ಬಿಗೆ ಹಾಕಿದರು. ಮತ್ತೆ ಅವನನ್ನು 'ನೀವು' ಎನ್ನಲಿಲ್ಲ, ಏನೂ ಎನ್ನಲಿಲ್ಲ. ಉಳಿದವರನ್ನು ಒಬ್ಬೊಬ್ಬರಾಗಿ ಕರೆದು ಕೇಳಿ, ಬರೆದುಕೊಂಡು ಹೊರಟರು. ಹೋಗುವಾಗ ಮೇಷ್ಟ್ರಿಗೆ ಕೈಮುಗಿದು, "ಕಷ್ಟದ ಜಾಗ. ಹೇಗೆ ಇರ್ತೀರೋ," ಎಂದರು.

ತರಗತಿ ಬಿಟ್ಟಿತು. ಡ್ರೈವರ್ ಚಾಪೆ ಸುತ್ತುತ್ತಿದ್ದ. ಅದು ಅವನು ತಾನಾಗಿ ವಹಿಸಿಕೊಂಡ ಕೆಲಸ. "ಸರಿಯಾಗಿ ಹೇಳಿದ್ನಾ ಸಾರ್? ಮೊದ್ಲು ಎಡವಟ್ಟಾಯ್ತು. ಆಮೇಲೆ ನಿಮ್ಮ ಹೆಸ್ರು ಉಳೀತಲ್ವಾ?" ಮೇಷ್ಟ್ರು ಕಪ್ಪುಹಲಗೆ ಒರೆಸುತ್ತಿದ್ದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. "ಆ ಮೇಡಂ ಬೇರೆ ಕ್ಲಾಸಿಗೆ ಹಾಕ್ಕೊಳ್ತಾರೆ ಅಲ್ವಾ? ಆ ತೂತಿನ ಕಾರ್ಡಿದ್ರೆ ಸಾಕು ಸಾರ್, ನಾನು ಲೈಸೆನ್ಸ್ ತಗೊಂಡೇ ತಗೋತೀನಿ."

"ಯಾವ ಕ್ಲಾಸೋ ಮಾರಾಯ?" ಎಂದ ವಾರ್ಡರ್, ತನ್ನ ಕುರ್ಚಿ ಎತ್ತಿಕೊಂಡು ಗೋಡೆಗೆ ಹಾಕುತ್ತ. ವರಾಂಡದ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು; ಬಾಗಿಲ ಬಳಿ ಕೂರುವುದರ ಲಾಭ ಅದು. "ನಿಂಗೆ ಓದು ಬರುತ್ತಂತಲ್ಲ. ಮೇಷ್ಟ್ರೇ ಹೇಳಿದ್ರು. ನಾಟಕ ಅಂದ್ರು. ಸ್ಕೋರ್ ಪಕ್ಕದ ತೊಟ್ಟಿ ಖಾಲಿ ಇದೆ ಲಾಂಡ್ರೀಲಿ, ಜೊತೆ ಆಯ್ತು."

ಡ್ರೈವರ್ ನಕ್ಕ. ವಾರ್ಡರನ ಇನ್ನೊಂದು ತಮಾಷೆ ಎಂದುಕೊಂಡು, ತಮಾಷೆಯಲ್ಲಿ ಸೇರಿಕೊಳ್ಳಲು ಮೇಷ್ಟ್ರ ಕಡೆ ತಿರುಗಿದ. ಮೇಷ್ಟ್ರ ಬೆನ್ನು ಕಾಣಿಸಿತು. ಬೆನ್ನನ್ನು ಓದಲು ಅವನಿಗೆ ಕಿಂಡಿಯ ಕಾರ್ಡು ಬೇಕಾಗಲಿಲ್ಲ. ಅರ್ಧ ಸುತ್ತಿದ ಚಾಪೆಯನ್ನು ಅವನು ಹಾಗೆಯೇ ನೆಲದ ಮೇಲೆ ಬಿಟ್ಟ. ಅದು ತಾನಾಗಿ ಬಿಚ್ಚಿಕೊಂಡಿತು. ಹತ್ತಿರ ಬಂದು ನಿಂತ. ಜಾಕಿಯ ರಾಡು ಎತ್ತಿದ ಕೈ ಅದು ಎಂದು ಮೇಷ್ಟ್ರಿಗೆ ನೆನಪಾಯಿತು, ಹೊಡೆದರೆ ಹೊಡೆಯಲಿ ಎಂದೂ ಅನಿಸಿತು. ಹೊಡೆದರೆ ಲೆಕ್ಕ ಚುಕ್ತಾ. ಅವನು ಹೊಡೆಯಲಿಲ್ಲ.

"ಅವತ್ತು ಗಾಳಿ ಬಂದಾಗ," ಎಂದ, ಬಹಳ ಸಣ್ಣ ಧ್ವನಿಯಲ್ಲಿ. "ಹಾಳೆ ಮಗುಚಿದಾಗ ನೀವೇ ತಿರುಗ್ಸಿ ಇಟ್ರಿ. ನಂಗೆ ಗೊತ್ತಾಯ್ತು, ಸಾರ್‌ಗೆ ಗೊತ್ತಾಗಿದೆ, ಆದ್ರೂ ಬಿಟ್ಟುಕೊಡಲ್ಲ ಅಂತ. ನೀವು ನೋಡಿದ್ರಿ ಅಲ್ವಾ?"

ಕಿಟಕಿಯಾಚೆ ಮರ ಅಲುಗುತ್ತಿರಲಿಲ್ಲ. ಮೇಷ್ಟ್ರಿಗೆ ನ್ಯಾಯಾಧೀಶರ ಮೇಜಿನ ಮೇಲಿದ್ದ ನೀರಿನ ಲೋಟ, ಅದರ ಮೇಲೆ ಮುಚ್ಚಿದ್ದ ಸ್ಟೀಲಿನ ತಟ್ಟೆ ಸ್ಪಷ್ಟವಾಗಿ ಕಂಡವು.

"ಇಲ್ಲ," ಎಂದರು. "ನಾನು ನೋಡಲಿಲ್ಲ."

 "ಸರಿ ಮೇಷ್ಟ್ರೇ," ಎಂದು ಹೇಳಿ ಡ್ರೈವರ್ ಹೊರಗೆ ಹೋದ.

ಮೇಷ್ಟ್ರು ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದರು. ಕೈಯಿರುವ ಕುರ್ಚಿಯನ್ನು ಅದರ ಜಾಗಕ್ಕೆ ಎಳೆದರು. ಮರುದಿನ ಡ್ರೈವರನ್ನು ಲಾಂಡ್ರಿಗೆ ಹಾಕಿದರು. ಕೋಣೆ ಮೇಷ್ಟ್ರಿಗೇ ಉಳಿಯಿತು.